ಎರವಲು ಪಾತಿ

ಏಳನೆಯ ದಿನದ ದಾನ ಮುಗಿದು, ಭಿಕ್ಷುಗಳು ಮಠಕ್ಕೆ ಮರಳಿ, ನೆಂಟರ ದೋಣಿಗಳೆಲ್ಲ ಒಂದೊಂದಾಗಿ ನೀರಿನ ಮೇಲೆ ನಿಂತ ಮನೆಯ ಕಂಬ ಬಿಟ್ಟು ಹೋದ ಮಾರನೆಯ ಬೆಳಿಗ್ಗೆ ಯೀ ಮೋನ್ ಎಂದಿನಂತೆ ಎದ್ದಳು. ಒಲೆ ಹೊತ್ತಿಸಿ ಚಿಕ್ಕ ಪಾತ್ರೆಯಲ್ಲಿ ನೀರಿಟ್ಟಳು. ನೀರು ಕುದಿಯಿತು. ಚಿಟಿಕೆ ಉಪ್ಪು ಹಾಕಿ ಇಳಿಸಿದಳು. ಬಿಳಿ ಬಟ್ಟೆ ತರಲು ಒಳಗೆ ಹೋದವಳು ಖಾಲಿ ಚಾಪೆಯ ಮುಂದೆ ನಿಂತಳು. ತೊಳೆಯಲು ಗಾಯವಿರಲಿಲ್ಲ.

ಅತ್ತೆ ದೋ ಮ್ಯಾ ಒಲೆಯ ಬಳಿ ಬಂದು ಪಾತ್ರೆಯೊಳಗೆ ಇಣುಕಿದಳು.

“ಉಪ್ಪು ಹಾಕ್ಬಿಟ್ಯಾ?”

“ಹಾಕ್ಬಿಟ್ಟೆ.”

“ಹಾಗಾದ್ರೆ ಚಹಾಕ್ಕೆ ಬರಲ್ಲ. ಚೆಲ್ಬೇಡ, ಬೇಳೆಗೆ ಹಾಕು. ನನ್ನ ಮಗ ಇದ್ದಿದ್ರೆ, ಬಿಸಿನೀರು ಚೆಲ್ತೀಯಲ್ಲೇ, ಸೌದೆ ಏನು ನಿಮ್ಮಪ್ಪ ಕಳಿಸ್ತಾನಾ ಅಂತಿದ್ದ.”

“ಅಂತಿದ್ರು.”

ಇಬ್ಬರಿಗೂ ನಗು ಬಂದಂತಾಯಿತು, ಬರಲಿಲ್ಲ.

ಯೀ ಮೋನ್‌ಗೆ ಅಳುವೂ ಬಂದಿರಲಿಲ್ಲ. ಗಂಡ ಚೋ ಲ್ವಿನ್‌ನ ಹೆಣವನ್ನು ದೋಣಿಯಲ್ಲಿಟ್ಟು ದಂಡೆಯ ಮಸಣಕ್ಕೆ ಒಯ್ದಾಗ ಅವಳು ಹಿಂದಿನ ದೋಣಿಯಲ್ಲಿ ನೆಟ್ಟಗೆ ಕೂತಿದ್ದಳು. ಟೌಂಜಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಸೊಸೆ ಈ ಊರಿಗೆ ಅವಳೊಬ್ಬಳೇ. ಓದಿದವಳ ಬಿಗುಮಾನ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ಅವರ ತಪ್ಪೂ ಅಲ್ಲ. ಒಳಗೆ ಎಲ್ಲ ಮರಗಟ್ಟಿತ್ತು, ಅಷ್ಟೆ.

ತೋಟಕ್ಕೆ ಹೋಗಬೇಕಿತ್ತು. ಎಂಟು ದಿನದಿಂದ ಯಾರೂ ನೋಡಿರಲಿಲ್ಲ. ಅವಳು ಏಣಿ ಇಳಿದು ದೋಣಿಯ ಮುಂದಿನ ತುದಿಯಲ್ಲಿ ಕೂತು, ಕೈಯಲ್ಲಿ ಹುಟ್ಟು ಹಾಕುತ್ತ ಹೊರಟಳು. ಇನ್ಲೇ ಸರೋವರದಲ್ಲಿ ಹೆಂಗಸರು ಹೀಗೆ ಕೂತೇ ದೋಣಿ ನಡೆಸುತ್ತಾರೆ. ಗಂಡಸರು ಹಿಂದಿನ ತುದಿಯಲ್ಲಿ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಬಳ್ಳಿಯಂತೆ ಹುಟ್ಟಿಗೆ ಸುತ್ತಿ, ಕಾಲಿನಿಂದಲೇ ನೀರು ತಳ್ಳುತ್ತಾರೆ. ಚೋ ಲ್ವಿನ್ ಹಾಗೆ ನಿಂತರೆ ದೂರದಿಂದ ಕೊಕ್ಕರೆಯಂತೆ ಕಾಣುತ್ತಿದ್ದ. ಮದುವೆಗೆ ಮುಂಚೆ ಅವಳು ಅದನ್ನು ಅವನಿಗೆ ಹೇಳಿದ್ದಳು. “ಕೊಕ್ಕರೆಗೆ ಮೀನಾದ್ರೂ ಸಿಗುತ್ತೆ” ಎಂದಿದ್ದ.

ಆರು ವರ್ಷದ ಹಿಂದೆ ಅವನ ಬಲ ಅಂಗಾಲಿಗೆ ಬಿದಿರಿನ ಸಿಬಿರು ಹೊಕ್ಕಿತು. ಕಡಲೆಕಾಳಿನಷ್ಟು ಗಾಯ. ನೋವೇ ಇಲ್ಲ ಎಂದ. ನೋವಿಲ್ಲದಿರುವುದು ಒಳ್ಳೆಯದೆಂದೇ ಎಲ್ಲರೂ ತಿಳಿದರು. ಮೈಯಲ್ಲಿ ಸಕ್ಕರೆ ಕಾಯಿಲೆ ಸೇರಿಕೊಂಡು ಕಾಲಿನ ಅರಿವನ್ನೇ ತಿಂದಿದೆ ಎಂದು ಗೊತ್ತಾದದ್ದು ಆಮೇಲೆ. ಬಲಗಾಲಿಗೆ ವಿಶ್ರಾಂತಿ ಬೇಕು ಅಂತ ಡಾಕ್ಟರು ಹೇಳಿದರು. ಅವನು ಹೇಳಿದ್ದನ್ನು ಕೇಳುವ ಜಾತಿಯವನು. ಅವತ್ತಿನಿಂದಲೇ ಬಲಗಾಲನ್ನು ಹುಟ್ಟಿನಿಂದ ಬಿಡಿಸಿ ಎಡಗಾಲಲ್ಲಿ ಹುಟ್ಟು ಹಾಕಲು ಕಲಿತ. ಊರೆಲ್ಲ ಮೆಚ್ಚಿತು. ಯೀ ಮೋನ್ ಕೂಡ ಮೆಚ್ಚಿದಳು. ಈ ನೀರಿನಲ್ಲಿ ದುಡಿಯುವ ಕಾಲು ಎಂದರೆ ಹುಟ್ಟು ಹಿಡಿದ ಕಾಲು. ಸುಮ್ಮನೆ ನಿಂತ ಕಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂರನೆಯ ವರ್ಷ ಟೌಂಜಿಯ ಆಸ್ಪತ್ರೆಯಲ್ಲಿ, ಬಯಲುಸೀಮೆಯಿಂದ ಬಂದ ಒಬ್ಬ ನರ್ಸಮ್ಮ, “ಅದ್ಹೇಗಪ್ಪಾ ಕಾಲಲ್ಲಿ ದೋಣಿ ನಡೆಸ್ತೀರಾ, ತೋರಿಸಿ ನೋಡೋಣ” ಎಂದು ಆಸೆಯಿಂದ ಕೇಳಿದಳು. ಅವನು ಕಸಬರಿಗೆಯ ಕೋಲು ತೆಗೆದುಕೊಂಡು, ಪಟ್ಟಿ ಕಟ್ಟಿದ ಬಲಗಾಲಿನ ಮೇಲೆ ನಿಂತು, ಎಡಗಾಲನ್ನು ಕೋಲಿಗೆ ಸುತ್ತಿ ಹೆಮ್ಮೆಯಿಂದ ತೋರಿಸಿದ. ನರ್ಸಮ್ಮ ಬೆಂಚಿನ ಮೇಲೆ ಕೂತುಬಿಟ್ಟಳು. “ಅಯ್ಯೋ ಪುಣ್ಯಾತ್ಮ, ಇಡೀ ಮೈಭಾರ ಹುಣ್ಣಿನ ಮೇಲೆ ಹಾಕ್ಕೊಂಡು ನಿಂತಿದ್ದೀರಲ್ಲಾ! ದಿನಕ್ಕೆಷ್ಟು ಹೊತ್ತು?” ಎಂದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ದಿನವಿಡೀ.

ಅಷ್ಟು ಹೊತ್ತಿಗೆ ಆ ಕಾಲು ಮನೆಯನ್ನು ಅರ್ಧ ತಿಂದಿತ್ತು. ಗಾಯ ಕಡಲೆಕಾಳಿನಷ್ಟಿದ್ದಾಗ ಹೋದದ್ದು ದೋಣಿಯ ಮೋಟಾರು. ಔಷಧಿಗಲ್ಲ, ಔಷಧಿ ದೊಡ್ಡ ಖರ್ಚಾಗಿರಲಿಲ್ಲ. ದಂಡೆಯ ಪಟ್ಟಣ ನ್ಯೌಂಗ್‌ಶ್ವೇವರೆಗೆ ದೋಣಿ, ಅಲ್ಲಿಂದ ಗುಡ್ಡ ಹತ್ತುವ ವ್ಯಾನು, ಟೌಂಜಿಯಲ್ಲಿ ಮಲಗುವುದಕ್ಕೊಂದು ಕೋಣೆ, ಅವನು ಅಲ್ಲಿ ಮಲಗಿದ್ದಾಗ ಇಲ್ಲಿ ತೋಟಕ್ಕೆ ಇಟ್ಟ ಕೂಲಿ, ಹಣ ಹರಿದದ್ದು ಹೀಗೆ. ಮೋಟಾರು ಹೋದ ಮೇಲೆ ತೋಟದ ಟೊಮೆಟೊ ಕಾಯಿಯನ್ನು ಬೇರೆಯವರ ದೋಣಿಯಲ್ಲಿ ಕಳಿಸಬೇಕಾಯಿತು. ತಡವಾಗಿ ತಲುಪಿದ ಕಾಯಿಗೆ ವ್ಯಾಪಾರಿ ಹೇಳಿದ್ದೇ ಬೆಲೆ. ಬಳಿಕ ಯೀ ಮೋನ್ ಶಾಲೆಯ ಕೆಲಸ ಬಿಟ್ಟಳು. ಆಸ್ಪತ್ರೆಯಲ್ಲಿ ಪಕ್ಕಕ್ಕೊಬ್ಬರು ಬೇಕಿತ್ತು. ಹೆಬ್ಬೆರಳು ತೆಗೆದ ವರ್ಷದಿಂದ ಪಾತಿಗಳನ್ನು ಮಾರಲು ಶುರುಮಾಡಿದರು.

ಇಲ್ಲಿಯ ಹೊಲ ನೆಲಕ್ಕೆ ಅಂಟಿದ್ದಲ್ಲ. ಜೊಂಡು, ಪಾಚಿ, ಕೆಸರು ಸೇರಿಸಿ ಕಟ್ಟಿದ ಉದ್ದುದ್ದ ಪಾತಿಗಳು ನೀರಿನ ಮೇಲೆ ತೇಲುತ್ತವೆ. ಬಿದಿರಿನ ಗಳ ಚುಚ್ಚಿ ಅವನ್ನು ನಿಲ್ಲಿಸಿರುತ್ತಾರೆ. ಮಾರುವಾಗ ಮಾರು ಹಾಕಿ ಅಳೆದು, ಗಳ ಕಿತ್ತು, ದೋಣಿಗೆ ಕಟ್ಟಿ, ಕೊಂಡವನ ತೋಟಕ್ಕೆ ಎಳೆದೊಯ್ಯುತ್ತಾರೆ. ಬೇರೆ ಕಡೆ ಮಾರಿದ ಹೊಲ ಕಣ್ಣೆದುರಿಗಾದರೂ ಇರುತ್ತದೆ. ಇಲ್ಲಿ ಬರೀ ನೀರು ಉಳಿಯುತ್ತದೆ.

ನಾಲ್ಕನೆಯ ಪಾತಿ ಹೋದ ಮರುದಿನ ಚೋ ಲ್ವಿನ್ ಆ ನೀರನ್ನೇ ನೋಡುತ್ತ ಕೂತಿದ್ದ. ಪಕ್ಕದ ತೋಟದ ಊ ಬಾ ತ್ವೇ ತನ್ನದೊಂದು ಪಾತಿಯನ್ನು ಎಳೆದು ತಂದು ಆ ಖಾಲಿಯಲ್ಲಿ ನಿಲ್ಲಿಸಿದ. “ನನ್ನ ಕಡೆ ಇದು ದಾರಿಗೆ ಅಡ್ಡ ಆಗ್ತಿದೆ ಮಾರಾಯ. ಒಂದು ಬೆಳೆ ಇಟ್ಕೋ, ಆಮೇಲೆ ಕೊಡುವಿಯಂತೆ” ಎಂದ. ಒಂದು ಬೆಳೆ ಮೂರು ವರ್ಷವಾಯಿತು. ಮೊಣಕಾಲ ಕೆಳಗೆ ಬಲಗಾಲು ಹೋಯಿತು, ಮರದ ಕಾಲು ಬಂತು, ಎಲ್ಲ ಭಾರ ಹೊತ್ತ ಎಡಗಾಲಿಗೂ ಹುಣ್ಣಾಯಿತು, ವಿಷ ರಕ್ತಕ್ಕೇರಿತು. ಪಾತಿಯ ಮಾತನ್ನು ಊ ಬಾ ತ್ವೇ ಒಮ್ಮೆಯೂ ಎತ್ತಲಿಲ್ಲ.

ಈಗ ತೋಟವೆಂದರೆ ಎರಡೇ ಪಾತಿ. ಒಂದು ಅವರದು, ಒಂದು ಎರವಲು. ಮಂಜು ಏಳುತ್ತಿತ್ತು. ಯೀ ಮೋನ್ ದೋಣಿಯನ್ನು ಎರಡರ ನಡುವೆ ತೂರಿಸಿ ನೋಡಿದಳು. ಯಾರೋ ಕಳೆ ಕಿತ್ತಿದ್ದರು. ಯಾರೋ ಬಗ್ಗಿದ ಗಿಡಗಳಿಗೆ ಊರುಗೋಲು ಕಟ್ಟಿದ್ದರು. ಒಂದು ಕಡೆ ಹಸಿರು ಪ್ಲಾಸ್ಟಿಕ್ ದಾರ, ಇನ್ನೊಂದು ಕಡೆ ಬಾಳೆನಾರು, ಹಾಗಾಗಿ ಇಬ್ಬರು ಬೇರೆ ಬೇರೆಯವರು. ಎರವಲು ಪಾತಿಯ ಕಾಯಿ ತಿಳಿಹಳದಿಗೆ ತಿರುಗಿತ್ತು. ಆ ಹಸಿರು ದಾರದ ಗಂಟನ್ನು ಅವಳು ಬೆರಳಲ್ಲಿ ಮುಟ್ಟಿದಳು. ಎಂಟು ದಿನದಲ್ಲಿ ಮೊದಲ ಸಲ ಎದೆಯೊಳಗೆ ಏನೋ ಸಣ್ಣಗೆ ಬೆಚ್ಚಗಾಯಿತು.

ಆರು ವರ್ಷ ಆ ಕಾಲಿಗೆ ತೆತ್ತವರು ಅವರಿಬ್ಬರೇ ಅಲ್ಲ. ಊರಿನ ಕಾಯಿ ಸಾಗಿಸುವ ಕೋ ಟಿನ್ ತನ್ನ ಮೋಟಾರು ದೋಣಿಯಲ್ಲಿ ಅವರನ್ನು ಎಷ್ಟು ಸಲ ನ್ಯೌಂಗ್‌ಶ್ವೇಗೆ ಬಿಟ್ಟಿದ್ದನೋ, ಡೀಸೆಲ್‌ಗೆ ಅಂತ ಕೊಟ್ಟ ದುಡ್ಡನ್ನು ಅತ್ತೆಯ ಬುಟ್ಟಿಯಲ್ಲಿ ಹಾಕಿ ಓಡಿಹೋಗುತ್ತಿದ್ದ. ಮಠದವರು ತಿಂಗಳುಗಟ್ಟಲೆ ಅಕ್ಕಿ ಕಳಿಸಿದ್ದರು. ಯಾರ ಮನೆಯಲ್ಲಿ ಏನು ಕಡಿಮೆಯಾಗಿ ಅದು ಇಲ್ಲಿಗೆ ಬಂತು ಎಂದು ಅವಳಿಗೆ ತಿಳಿಯದು. ತಿಳಿಯದಂತೆ ಕೊಡುವುದನ್ನು ಈ ಜನ ಯಾವ ಶಾಲೆಯಲ್ಲಿ ಕಲಿತರೋ.

ಆಗಲೇ ಮಂಜಿನೊಳಗಿನಿಂದ ಊ ಬಾ ತ್ವೇಯ ದೋಣಿ ಬಂತು. ಸರೋವರದ ತಳದಿಂದ ಕಿತ್ತ ಪಾಚಿ ಅಂಚಿನವರೆಗೂ ತುಂಬಿತ್ತು. ಅರವತ್ತು ದಾಟಿದ ಮನುಷ್ಯ ಹಿಂದಿನ ತುದಿಯಲ್ಲಿ ನಿಂತಿದ್ದ.

“ಬಂದ್ಯಾ ಮಗಳೇ? ಒಳ್ಳೇದಾಯ್ತು. ಮನೇಲೇ ಕೂತ್ರೆ ಗೋಡೆ ಮಾತಾಡೋಕೆ ಶುರು ಮಾಡುತ್ತೆ.”

ಯೀ ಮೋನ್ ಅವನ ಕಾಲು ನೋಡುತ್ತಿದ್ದಳು. ಹನ್ನೆರಡು ವರ್ಷದಿಂದ ಈ ಮನುಷ್ಯ ಬಲಗಾಲಲ್ಲಿ ಹುಟ್ಟು ಹಾಕುವುದನ್ನು ಕಂಡಿದ್ದಳು. ಇವತ್ತು ಹುಟ್ಟಿಗೆ ಸುತ್ತಿಕೊಂಡಿದ್ದದ್ದು ಎಡಗಾಲು.

“ದೊಡ್ಡಪ್ಪಾ, ಕಾಲು ಯಾಕೆ ಬದಲಾಯ್ಸಿದ್ರಿ?”

“ಏನಿಲ್ಲಮ್ಮ, ಬಲಗಾಲಲ್ಲಿ ಒಂದು ಗೀರು. ಅದಕ್ಕೆ ಸ್ವಲ್ಪ ರಜೆ ಕೊಟ್ಟಿದ್ದೀನಿ.”

“ತೋರಿಸಿ.”

“ಅಯ್ಯ, ಬೆಳಬೆಳಿಗ್ಗೆ ಮುದುಕನ ಕಾಲು ನೋಡ್ತೀಯಾ? ಲಾಟರಿ ಹತ್ತಲ್ಲ, ಹೇಳಿದ್ದೀನಿ.”

ಅವಳು ತನ್ನ ದೋಣಿಯನ್ನು ಅವನ ದೋಣಿಗೆ ತಾಗಿಸಿ ಅಂಚು ಹಿಡಿದುಕೊಂಡಳು. ಬಿಡುವವಳಲ್ಲ ಎಂದು ತಿಳಿದು ಅವನು ಪಾಚಿಯ ಮೇಲೆ ಕೂತು ಕಾಲು ಚಾಚಿದ. ಹಳೆಯ ಲುಂಗಿಯ ಚೂರು ಬಿಚ್ಚಿದಳು. ಹೆಬ್ಬೆರಳ ಬುಡದಲ್ಲಿ, ಅಂಚು ಬಿಳಿಚಿದ ಒಂದು ಗುಂಡಿ. ಅವನು ಈ ವರ್ಷದ ಮಳೆಯನ್ನು ಬೈಯುತ್ತಿದ್ದ. ಅವಳು ಗುಂಡಿಯ ಪಕ್ಕಕ್ಕೆ ಹೆಬ್ಬೆರಳಿಟ್ಟು ಒತ್ತಿದಳು. ಅವನು ಮಳೆಯನ್ನು ಬೈಯುತ್ತಲೇ ಇದ್ದ. ಇನ್ನೂ ಜೋರಾಗಿ ಒತ್ತಿದಳು.

“...ಎರಡು ಪಾತೀಲಿ ಒಂದು ಪೂರ್ತಿ ಮುಳುಗ್ತು ನೋಡು. ಹಳೇದಾಗಿತ್ತು ಅನ್ನು. ಅದಕ್ಕೇ ಈಗ ಹೊಸದು ಕಟ್ತಾ ಇದ್ದೀನಿ.”

“ನಾನು ಈಗ ಎಲ್ಲಿ ಒತ್ತಿದೆ ಹೇಳಿ.”

“ಒತ್ತಿದ್ಯಾ?”

ಊ ಬಾ ತ್ವೇ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ.

“ನಾಳೆನೇ ಟೌಂಜಿಗೆ ಹೋಗಿ ದೊಡ್ಡಪ್ಪ. ಇದು ಈಗ ಕಾಳಿನಷ್ಟಿದೆ. ರಕ್ತ ಪರೀಕ್ಷೆ ಮಾಡ್ತಾರೆ. ಬಲಗಾಲು ಊರಬೇಡಿ ಅಂತಾರೆ. ಎರಡು ತಿಂಗಳು ನಿಲ್ಲದೇ ಇದ್ರೆ ಉಳಿಯುತ್ತೆ.”

“ಎರಡು ತಿಂಗಳು ಕೂತ್ರೆ ಈ ಪಾತಿ ನಿನ್ನ ಅತ್ತೆ ಬಂದು ಕಟ್ತಾಳಾ? ಈ ತಿಂಗಳು ಕಟ್ಟದೇ ಇದ್ರೆ ಈ ವರ್ಷದ ನಾಟಿ ಹೋಯ್ತು. ಮುಗೀಲಿ, ಆಮೇಲೆ ನೋಡೋಣ.”

“ನಿಮ್ಮ ಪಾತಿ ಇಲ್ಲೇ ಇದೆಯಲ್ಲ,” ಎಂದು ಅವಳು ಪಕ್ಕಕ್ಕೆ ಕೈ ತೋರಿಸಿದಳು.

“ಯಾವುದು?”

“ಇದು.”

“ಇದು ನಿಮ್ದು.”

“ನೀವೇ ತಂದು ನಿಲ್ಲಿಸಿದ್ದು.”

“ನಾನಾ? ವಯಸ್ಸಾಯ್ತಮ್ಮ, ನೆನಪಿಲ್ಲ,” ಎಂದು ಎದ್ದ. ಎದ್ದು ಬಲಗಾಲನ್ನು ಊರಿ, ಎಡಗಾಲನ್ನು ಹುಟ್ಟಿಗೆ ಸುತ್ತಿದ. ದೋಣಿ ಮಂಜಿನೊಳಗೆ ಹೋಯಿತು. ಪಾಚಿ ಕೀಳುವ ಕೆಲಸ ಅವಳಿಗೆ ಗೊತ್ತು. ಉದ್ದ ಕೋಲಿನಿಂದ ತಳವನ್ನು ತಿರುವಿ ಎತ್ತಬೇಕು, ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡಬೇಕು. ಕೊಟ್ಟ ಪಾತಿಯನ್ನು ಕೇಳಲಾರದೆ ಆ ಮನುಷ್ಯ ಹುಣ್ಣಿನ ಮೇಲೆ ನಿಂತು ಹೊಸದೊಂದನ್ನು ಕಟ್ಟುತ್ತಿದ್ದ.

ಅವಳು ನೇರವಾಗಿ ಅವನ ಮನೆಗೆ ಹೋದಳು. ಅವನ ಹೆಂಡತಿ ದೋ ಪು ಜಗಲಿಯಲ್ಲಿ ಮೀನು ಸೀಳುತ್ತಿದ್ದಳು. ಹೇಳಿದ್ದನ್ನೆಲ್ಲ ಕೇಳಿ ಚಾಕು ಕೆಳಗಿಟ್ಟಳು.

“ನಾನು ಹೇಳಲಿಲ್ಲ ಅಂದ್ಕೊಂಡ್ಯಾ? ಪಾತಿ ವಾಪಸ್ ತಗೊಂಡು ಬಾರೋ ಮುದುಕಾ ಅಂದ್ರೆ, ಸಾವಿನ ಮನೇಲಿ ಗಳ ಕೀಳೋಕೆ ನಾನೇನು ಕಳ್ಳನಾ ಅಂತಾನೆ. ಅವನ ಬಾಯಿ ಮುಚ್ಚಿಸೋಕೆ ನನಗೆ ನಲವತ್ತು ವರ್ಷ ಸಾಲಲಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: “ನಿನ್ನ ಗಂಡನ ಥರಾನೇ ಆಗುತ್ತಾ?”

“ಈಗ ಕೂತ್ರೆ ಆಗಲ್ಲ ದೊಡ್ಡಮ್ಮ. ನಾವು ಕೂರೋ ಹೊತ್ತಿಗೆ ತಡ ಆಗಿತ್ತು. ಅವರ ಬಟ್ಟೆ ಗಂಟು ಕಟ್ಟಿಡಿ.”

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ.

“ಕೊಡು, ಬೇಡ ಅನ್ನಲ್ಲ. ಆದ್ರೆ ಕಾಯಿ ಕಿತ್ಕೊಂಡು ಕೊಡು. ಬೀಜ ನಮ್ದು, ಬೆವರು ನಮ್ದು.”

“ಕಾಯಿ ಇದ್ರೇನೇ ಅವರು ಕೂರೋದು ಅತ್ತೆ. ಬರೀ ಪಾತಿ ಕೊಟ್ರೆ ನಾಟಿ ಅಂತ ಮತ್ತೆ ನಿಂತ್ಕೋತಾರೆ. ಕೊಯ್ಯೋಕೆ ದೊಡ್ಡಮ್ಮ ಸಾಕು.”

“ನಾವೇನು ತಿನ್ನೋದು?”

“ಒಂದು ಪಾತಿ ಇದೆ. ಸಾಲಲ್ಲ. ಶಾಲೇಲಿ ಮತ್ತೆ ಕೇಳ್ತೀನಿ. ಕೊಟ್ರೆ ಕೊಡ್ತಾರೆ.”

“ಕೊಡದೇ ಇದ್ರೆ?”

“ಗೊತ್ತಿಲ್ಲ.”

ದೋ ಮ್ಯಾ ಒಲೆಯ ಮುಂದೆ ಕೂತು ಚುಟ್ಟ ಹೊತ್ತಿಸಿದಳು. “ಮೂರು ವರ್ಷ ಅವನ ಅನ್ನ ತಿಂದ್ವಿ,” ಎಂದಳು, ಸೊಸೆಗಲ್ಲ, ಒಲೆಗೆ. “ನನ್ನ ಮಗ ಹೋಗೋ ಮುಂಚೆ ಎರಡು ಸಲ ಅಂದಿದ್ದ, ಪಾತಿ ಕೊಡಬೇಕು ಅಂತ. ನಾನು ಕೇಳಿಸದ ಹಾಗಿದ್ದೆ.”

ಮರುದಿನ ಬೆಳಕು ಹರಿಯುವ ಹೊತ್ತಿಗೆ ಯೀ ಮೋನ್ ದೋಣಿಗಿಳಿದಾಗ ಅತ್ತೆ ಆಗಲೇ ಮುಂದಿನ ಹಲಗೆಯ ಮೇಲೆ ಕೂತಿದ್ದಳು, ತಲೆಗೆ ಟವೆಲು ಸುತ್ತಿಕೊಂಡು.

“ಏನು ನೋಡ್ತೀಯಾ? ನಿನ್ನ ಕಾಲೇಜಲ್ಲಿ ಗಳ ಕೀಳೋದು ಹೇಳ್ಕೊಟ್ಟಿದ್ರಾ?”

ಹೇಳಿಕೊಟ್ಟಿರಲಿಲ್ಲ. ಗಳಗಳು ಕೆಸರಿನಲ್ಲಿ ಮೂರು ವರ್ಷದಿಂದ ಬೇರು ಬಿಟ್ಟಂತೆ ನಿಂತಿದ್ದವು. ಎಳೆಯಬಾರದು, ಅಲ್ಲಾಡಿಸಬೇಕು ಎಂದಳು ಅತ್ತೆ. ಇಬ್ಬರೂ ತಬ್ಬಿ ಹಿಡಿದು ಅಲ್ಲಾಡಿಸಿದರು. ದೋಣಿ ಹೊಯ್ದಾಡಿತು. ಮೊದಲನೆಯದು ಬಂದಾಗ ಕೆಸರಿನ ವಾಸನೆ ಮುಖಕ್ಕೆ ಹೊಡೆಯಿತು. ಬಿಸಿಲು ಮಂಜನ್ನು ಕರಗಿಸುವ ಹೊತ್ತಿಗೆ ಒಂದು ಬದಿಯ ಗಳಗಳು ಮುಗಿದವು. ಇನ್ನೊಂದು ಬದಿಯ ಕೊನೆಯ ಗಳ ಕಿತ್ತ ಕೂಡಲೇ ಪಾತಿ ನಿದ್ದೆಯಿಂದ ಎದ್ದಂತೆ ಒಮ್ಮೆ ನಡುಗಿ, ಗಿಡ, ಕಾಯಿ, ಊರುಗೋಲು ಸಮೇತ ನಿಧಾನವಾಗಿ ಹೊರಟಿತು.

ಟೊಮೆಟೊ ಬುಟ್ಟಿ ಹೇರಿಕೊಂಡು ಹೋಗುತ್ತಿದ್ದ ಕೋ ಟಿನ್ ಮೋಟಾರು ನಿಲ್ಲಿಸಿ ಕೂಗಿದ.

“ಅಕ್ಕೋ! ನಿಮ್ಮ ತೋಟ ಓಡಿಹೋಗ್ತಾ ಇದೆ!”

“ಓಡ್ತಿಲ್ಲ, ಮನೆಗೆ ಹೋಗ್ತಿದೆ. ಹಗ್ಗ ಹಿಡಿ.”

“ಯಾರ ಮನೆಗೆ?”

“ಊ ಬಾ ತ್ವೇ ಮನೆಗೆ.”

ಕೋ ಟಿನ್ ಹಗ್ಗ ಹಿಡಿದ, ಆದರೆ ಕಟ್ಟಲಿಲ್ಲ. “ಇಲ್ಲಿಂದ ನಾಲ್ಕು ಪಾತಿ ಎಳ್ಕೊಂಡು ಹೋಗಿದ್ದು ನಾನೇ ಅಕ್ಕ. ಒಂದೊಂದು ಸಲಾನೂ ಲ್ವಿನಣ್ಣ ಕಿಟಕೀಲಿ ಕೂತಿರ್ತಿದ್ದ. ಇದನ್ನೂ ಮಾರಿದ್ರಾ?”

“ಇಲ್ಲಪ್ಪ. ಇದು ನಮ್ದಲ್ಲ. ಎರವಲು ತಗೊಂಡಿದ್ದು.”

ಅವನ ಮುಖ ಅರಳಿತು. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಅಕ್ಕಪಕ್ಕದ ತೋಟಗಳಿಂದ ಇನ್ನೂ ಮೂರು ದೋಣಿ ಬಂದವು. ಒಬ್ಬ ಮುಂದೆ, ಒಬ್ಬ ಹಿಂದೆ, ಬದಿಗೆ ತಳ್ಳಲು ಇಬ್ಬರು. ಹಗ್ಗ ಕಟ್ಟುವಾಗಲೇ ಯೀ ಮೋನ್ ಅವರಿಗೆ ಊ ಬಾ ತ್ವೇಯ ಕಾಲಿನ ಸಂಗತಿ ಹೇಳಿದಳು. “ಮೆಲ್ಲಗೆ ಕಣೋ, ಬಾಣಂತಿ ಥರ!” “ನಿನ್ನ ಹೆಂಡ್ತಿನ ಹೀಗೆ ನೋಡ್ಕೊಂಡಿದ್ರೆ ಅವಳು ತವರಿಗೆ ಓಡಿಹೋಗ್ತಿರ್ಲಿಲ್ಲ!” ಹಸಿರು ದಾರ ಕಟ್ಟಿದವನು ಯಾರೆಂದು ಯೀ ಮೋನ್‌ಗೆ ಆಗ ಕಂಡಿತು, ಅದೇ ದಾರದ ಉಂಡೆ ಕೋ ಟಿನ್‌ನ ಸೊಂಟದಲ್ಲಿತ್ತು. ಹುಟ್ಟು ಹಾಕುತ್ತಿದ್ದಂತೆಯೇ ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅತ್ತೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು.

ಊ ಬಾ ತ್ವೇ ತನ್ನ ತೋಟದ ಬಾಯಲ್ಲಿ, ಪಾಚಿಯ ದೋಣಿಯಲ್ಲಿ ನಿಂತು ಕೋಲು ತಿರುವುತ್ತಿದ್ದ. ಬರುತ್ತಿರುವುದನ್ನು ಕಂಡು ಕೋಲನ್ನು ಮೇಲೆತ್ತಿದ.

“ನಿಲ್ಸಿ! ಯಾರು ಹೇಳಿದ್ದು ನಿಮಗೆ? ತಗೊಂಡು ಹೋಗಿ!”

“ಗಳ ಕಿತ್ತಾಗಿದೆ ದೊಡ್ಡಪ್ಪ.”

“ಮತ್ತೆ ಚುಚ್ಚಿ!”

“ನಾನು ಚುಚ್ಚಲ್ಲ. ಗಾಳಿ ದಕ್ಷಿಣಕ್ಕಿದೆ. ನಿಮ್ಮ ತೋಟದಲ್ಲಿ ನಿಲ್ಲಿಸಿದ್ರೆ ನಿಲ್ಲಿಸಿ. ಇಲ್ಲಾಂದ್ರೆ ಸಂಜೆ ಹೊತ್ತಿಗೆ ಯಾವ ಊರಿನವರ ಪಾಲಾಗುತ್ತೋ.”

“ಹಣ್ಣಾಗ್ತಿರೋ ಬೆಳೆ ಮಗಳೇ! ಗಂಡ ಸತ್ತು ಇನ್ನೂ—”

“ಅವನೇ ಹೇಳಿದ್ದ ಕೊಡು ಅಂತ,” ಎಂದಳು ದೋ ಮ್ಯಾ, ಟವೆಲು ಬಿಚ್ಚುತ್ತ. “ನನ್ನ ಮಗನ ಮಾತು ನಡೆಸಿಕೊಡು ಬಾ ತ್ವೇ. ಜಗಳ ಆಡೋಕೆ ನನಗೆ ಶಕ್ತಿ ಇಲ್ಲ.”

ತೋಟಗಾರನ ಕಣ್ಣೆದುರು ಕಾಯಿ ತುಂಬಿದ ಪಾತಿಯೊಂದು ತೇಲಿಹೋಗುವುದುಂಟೇ? ಊ ಬಾ ತ್ವೇ ಬೈಯುತ್ತಲೇ ಕೋಲು ಬಿಸಾಡಿ ಗಳಕ್ಕೆ ಕೈ ಹಾಕಿದ.

“ನೀವಲ್ಲ,” ಎಂದಳು ಯೀ ಮೋನ್. “ನಿಲ್ಲಿಸೋರು ಇವರಿದ್ದಾರೆ.”

ಕೋ ಟಿನ್ ಆಗಲೇ ಅವನ ಕೈಯಿಂದ ಗಳ ಕಿತ್ತುಕೊಂಡಿದ್ದ. “ಕೂತ್ಕೊಳ್ಳಿ ದೊಡ್ಡಪ್ಪ, ಕೂತು ಬೈಯಿರಿ. ಕೂತು ಬೈದ್ರೆ ಇನ್ನೂ ಚೆನ್ನಾಗಿ ಕೇಳಿಸುತ್ತೆ. ಹತ್ತು ಗಂಟೆಗೆ ನ್ಯೌಂಗ್‌ಶ್ವೇ ಕಡೆ ಹೊರಡ್ತೀನಿ. ದೊಡ್ಡಮ್ಮ ಗಂಟು ಕಟ್ಟಿ ಜಗಲೀಲಿ ಇಟ್ಟಾಗಿದೆ, ಬರ್ತಾ ನೋಡ್ದೆ.”

“ಎಲ್ಲರೂ ಸೇರ್ಕೊಂಡಿದ್ದೀರಾ,” ಎಂದ ಮುದುಕ. ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು.

ಗಂಡಸರು ಗಳ ಚುಚ್ಚತೊಡಗಿದರು. ಪಾತಿ ತನ್ನ ಹಳೆಯ ಜಾಗದಲ್ಲಿ ಮೆಲ್ಲನೆ ನಿಂತುಕೊಂಡಿತು. ಎಳೆದು ತಂದ ಹಗ್ಗದ ಒಂದು ತುದಿ ಯೀ ಮೋನ್‌ಳ ಕೈಯಲ್ಲೇ ಉಳಿದಿತ್ತು. ಅವಳು ದೋಣಿಯನ್ನು ಅವನ ದೋಣಿಗೆ ತಾಗಿಸಿ, ಹಿರಿಯರಿಗೆ ಕೊಡುವಾಗ ಮಾಡುವಂತೆ ಬಲಗೈಗೆ ಎಡಗೈ ಆನಿಸಿ, ಹಗ್ಗವನ್ನು ಮುಂದೆ ಚಾಚಿದಳು.

“ಒಂದು ಬೆಳೆಗೆ ಅಂತ ತಗೊಂಡಿದ್ರು. ತಡ ಆಯ್ತು ದೊಡ್ಡಪ್ಪ. ನಿಮ್ಮ ಪಾತಿ ನಮ್ಮನ್ನ ಸಾಕ್ತು.”

ಊ ಬಾ ತ್ವೇ ಹಗ್ಗ ತೆಗೆದುಕೊಂಡ. ಅದನ್ನೊಮ್ಮೆ ನೋಡಿದ, ಪಾತಿಯ ಮೇಲೆ ಕೆಂಪಾಗುತ್ತಿದ್ದ ಕಾಯಿ ನೋಡಿದ. ಆಮೇಲೆ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು, ದೋಣಿಯ ನಡುವೆ, ಹೆಂಗಸರಂತೆ, ಕಾಲು ಮಡಚಿ ಕೂತ.